ರೇಷ್ಮೆ ಹುಳು ಮನೆ ಪಕ್ಕ ಹದಿನಾಲ್ಕು ವರ್ಷ ನಿಂತ ಅಪ್ಪನ ಜೀಪು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಶಿಡ್ಲಘಟ್ಟ ತಾಲ್ಲೂಕಿನಿಂದ):

ಅಣ್ಣಾ, ನಮಸ್ಕಾರ. ನಮ್ಮ ಅಪ್ಪನ ಜೀಪು ಒಂದಿದೆ. ಮಹೀಂದ್ರಾ ಸಿಜೆ3ಬಿ, ಫೋರ್ ವೀಲ್, ಪೆಟ್ರೋಲ್ ಎಂಜಿನ್. ಆರ್‌ಸಿಯಲ್ಲಿ 1972 ಅಂತಿದೆ. ಅಪ್ಪ ಇದರಲ್ಲೇ ರೇಷ್ಮೆ ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಹದಿನಾಲ್ಕು ವರ್ಷದಿಂದ ಹುಳು ಮನೆ ಗೋಡೆಗೆ ಆನಿಸಿದ ಶೀಟಿನ ಕೊಟ್ಟಿಗೆಯಲ್ಲಿ ನಿಂತಿದೆ. ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಮೊನ್ನೆ ಸೀಟು ಎತ್ತಿ ನೋಡಿದರೆ ಕೆಳಗೆ ಒಂದು ಒಣಗಿದ ಗೂಡು ಬಿದ್ದಿತ್ತು. ಅವತ್ತೇ ತೀರ್ಮಾನ ಮಾಡಿದೆ, ಗುಜರಿಗೆ ಕೊಡಲ್ಲ, ಮನೆಯಲ್ಲೇ ನಾನೇ ರೆಡಿ ಮಾಡುತ್ತೇನೆ ಅಂತ.

ಎಂಜಿನ್ ಜಾಮ್ ಆಗಿದೆ. ಮುಂದಿನಿಂದ ಹ್ಯಾಂಡಲ್ ಹಾಕಿದರೆ ಒಂಚೂರೂ ಅಲ್ಲಾಡಲ್ಲ. ಟ್ರಾಕ್ಟರ್‌ಗೆ ಕಟ್ಟಿ ಗೇರಲ್ಲಿ ಎಳೆದರೆ ಬಿಟ್ಟುಕೊಳ್ಳುತ್ತೆ ಅಂತ ಊರಲ್ಲಿ ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ಪೂರ್ತಿ ಬಿಚ್ಚಿ ಮೊದಲು ಬಣ್ಣ ಹೊಡೆಸು ಅಂತಾರೆ. ಇನ್ನೊಂದು ವಿಷಯ, ಎಡಗಡೆ ಮೈಗೆ ಮಾತ್ರ ತುಕ್ಕು ಜಾಸ್ತಿ ಹಿಡಿದಿದೆ. ಏಕೆ ಅಂತ ಗೊತ್ತಾಗುತ್ತಿಲ್ಲ. ಬೈಕ್ ರಿಪೇರಿ ಸ್ವಲ್ಪ ಬರುತ್ತದೆ, ಅಷ್ಟೆ.

ಉತ್ತರ (ಜೀಪ್ ಮೆಕ್ಯಾನಿಕ್, ತುಮಕೂರು):

ಮೊದಲು ಟ್ರಾಕ್ಟರ್ ಮಾತು ಬಿಡಿ. ನಾನು ಕೆಲಸ ಕಲಿಯುವಾಗ ಹೀಗೇ ಒಂದು ಜೀಪನ್ನು ಎಳೆದೆವು. ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ತುಕ್ಕಿನಲ್ಲಿ ಕಚ್ಚಿಕೊಂಡಿದ್ದವು. ಪಿಸ್ಟನ್ ಒಡೆಯಿತು, ಕನೆಕ್ಟಿಂಗ್ ರಾಡ್ ಬಗ್ಗಿತು. ವಾರ ಎಣ್ಣೆ ಬಿಟ್ಟು ಕಾದಿದ್ದರೆ ಬಿಡುತ್ತಿದ್ದ ಎಂಜಿನ್ನು ಒಂದು ನಿಮಿಷದಲ್ಲಿ ಹಾಳಾಯಿತು. ಇವತ್ತಿಗೂ ನನಗೆ ಅದರ ಬೇಜಾರಿದೆ.

ಬಣ್ಣವೂ ಈಗಲೇ ಬೇಡ. ಬಣ್ಣ ಕೊನೆಯ ಕೆಲಸ. ಬಣ್ಣ ಹೊಡೆಸಿದ ಮೇಲೆ ಬ್ರೇಕ್ ಆಯಿಲ್ ಒಂದು ಹನಿ ಬಿದ್ದರೂ ಅಲ್ಲಿ ಬಣ್ಣ ಎದ್ದು ಬರುತ್ತದೆ.

ಎಡಗಡೆ ತುಕ್ಕಿಗೆ ಬರುತ್ತೇನೆ. ಎಡಗಡೆ ಹುಳು ಮನೆ ಗೋಡೆ ಕಡೆಗಿದೆ ಅಲ್ವಾ? ಪ್ರತಿ ಬೆಳೆಗೂ ಮುಂಚೆ ನೀವು ಬ್ಲೀಚಿಂಗ್ ಪೌಡರ್ ಕಲಸಿ ಮನೆ ತೊಳೆಯುತ್ತೀರಿ, ಸುಣ್ಣ ಹಾಕುತ್ತೀರಿ. ಹುಳುವಿಗೆ ರೋಗ ಬಾರದಿರಲು ಅದು ಬೇಕೇ ಬೇಕು. ಆದರೆ ಬ್ಲೀಚಿಂಗಿನ ಕ್ಲೋರಿನ್ ಕಬ್ಬಿಣವನ್ನು ತಿನ್ನುತ್ತದೆ. ಮೇಲೆ ಹುಳು ಮನೆಯಲ್ಲಿ ತೇವ ಬೇರೆ, ಶೇ. 70ರಿಂದ 85ರವರೆಗೆ ಇಟ್ಟಿರುತ್ತೀರಿ. ಕಿಟಕಿಯಿಂದ ಅದೆಲ್ಲ ಬಂದು ಜೀಪಿನ ಮೇಲೆ ಕೂತಿದೆ. ನಿಮ್ಮ ಕಡೆಯ ಒಣ ಹವೆಗೆ ಗಾಡಿ ಇಷ್ಟು ತುಕ್ಕು ಹಿಡಿಯಬಾರದು. ಹಾಗಾಗಿ ಮೊದಲ ಕೆಲಸ, ಪಾನಾ ಕೈಗೆ ತಗೊಳ್ಳುವ ಮುಂಚೆ ಗಾಡಿಯನ್ನು ಅಲ್ಲಿಂದ ಬೇರೆ ಕಡೆ ಸಾಗಿಸಿ. ನ್ಯೂಟ್ರಲ್ ಮಾಡಿ ನಾಲ್ಕು ಜನ ತಳ್ಳಿ. ಚಕ್ರ ತಿರುಗದಿದ್ದರೆ ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಂಡಿದೆ ಅಂತ ಅರ್ಥ. ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಬಿಡುತ್ತದೆ.

ಈಗ ಎಂಜಿನ್. ಜಾಮ್ ಆಗಿರುವುದು ಎಂಜಿನ್ನೇನಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಗೇರ್ ನ್ಯೂಟ್ರಲ್‌ನಲ್ಲಿ ಇರಲಿ. ಫ್ಯಾನ್ ಬೆಲ್ಟ್ ಬಿಚ್ಚಿ. ಡೈನಮೋ ಅಥವಾ ವಾಟರ್ ಪಂಪ್ ಹಿಡಿದುಕೊಂಡಿದ್ದರೂ ಹೀಗೇ ಆಗುತ್ತದೆ. ಸ್ಟಾರ್ಟರ್ ಮೋಟರ್ ಬಿಚ್ಚಿ ಪಕ್ಕಕ್ಕಿಡಿ, ಅದರ ಹಲ್ಲು ಫ್ಲೈವೀಲಿಗೆ ಸಿಕ್ಕಿಕೊಂಡು ಇಡೀ ಎಂಜಿನ್ ಹಿಡಿದಿಟ್ಟಿರುವುದನ್ನು ನಾನು ಎರಡು ಸಲ ನೋಡಿದ್ದೇನೆ. ಇಷ್ಟಾದ ಮೇಲೂ ಅಲ್ಲಾಡದಿದ್ದರೆ ಮಾತ್ರ ಸಿಲಿಂಡರಿನ ಲೆಕ್ಕಕ್ಕೆ ಬನ್ನಿ.

ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆಯಿರಿ. ಡೀಸೆಲ್ಲು, ಎಂಜಿನ್ ಆಯಿಲ್ ಸಮ ಬೆರೆಸಿ, ಪ್ರತಿ ಸಿಲಿಂಡರಿಗೆ ಒಂದು ಸಣ್ಣ ಟೀ ಲೋಟದಷ್ಟು ಬಿಡಿ. ಬಟ್ಟೆ ಮುಚ್ಚಿ ಹಾಗೇ ಬಿಟ್ಟುಬಿಡಿ. ಎರಡು ದಿನಕ್ಕೊಮ್ಮೆ ಎಷ್ಟು ಇಳಿದಿದೆ ನೋಡಿ, ಮತ್ತೆ ಬಿಡಿ. ಒಂದು ವಾರ ಆದ ಮೇಲೆ ಹ್ಯಾಂಡಲ್ ಹಾಕಿ ಮೆಲ್ಲಗೆ ಒತ್ತಿ, ಬಿಡಿ, ಮತ್ತೆ ಒತ್ತಿ. ಒಂದೇ ಸಮ ಒತ್ತಬೇಡಿ. ಹ್ಯಾಂಡಲಿಗೆ ಪೈಪ್ ಸಿಕ್ಕಿಸಿ ಉದ್ದ ಮಾಡಲೂ ಬೇಡಿ. ಕೈ ಬಲಕ್ಕೆ ಬಿಡದಿದ್ದರೆ ಇನ್ನೊಂದು ವಾರ ಕಾಯಿರಿ.

ಕಾಯುವ ಹೊತ್ತಿನಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ. ಫೋಟೋ ತೆಗೆಯಿರಿ. ಪ್ರತಿ ವೈರು, ಪ್ರತಿ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ. ಬಿಚ್ಚಿದ ನಟ್ಟು ಬೋಲ್ಟನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಒಂದೊಂದು ಭಾಗದ್ದು ಒಂದೊಂದು ಕವರಿಗೆ ಹಾಕಿ, ಮೇಲೆ ಬರೆದು, ಹುಳು ಗೂಡು ಕಟ್ಟುವ ನಿಮ್ಮ ಹಳೇ ಬಿದಿರಿನ ಚಂದ್ರಿಕೆಗೆ ಸಾಲಾಗಿ ಕಟ್ಟಿ ನೇತುಹಾಕಿ. ಮನೆಯಲ್ಲಿ ಜೀಪು ಬಿಚ್ಚಿದವರಲ್ಲಿ ಅರ್ಧ ಜನ ಕೆಲಸ ನಿಲ್ಲಿಸುವುದು ದುಡ್ಡಿಲ್ಲದೆ ಅಲ್ಲ, ಯಾವ ಬೋಲ್ಟು ಎಲ್ಲಿಯದು ಅಂತ ಮರೆತು.

ಜಾಕ್ ವಿಷಯ ಮಾತ್ರ ದಯವಿಟ್ಟು ಎರಡು ಸಲ ಓದಿ. ಈ ಜೀಪಿನಲ್ಲಿ ಹ್ಯಾಂಡ್ ಬ್ರೇಕ್ ಚಕ್ರಕ್ಕೆ ಇರುವುದಿಲ್ಲ. ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಬಾಕ್ಸಿನ ಹಿಂದೆ, ಹಿಂದಿನ ಶಾಫ್ಟಿಗೆ ಒಂದು ಡ್ರಮ್ ಇದೆ, ಅದನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕ್ ಹಾಕಿ ಎತ್ತಿದಿರಿ ಅನ್ನಿ. ಶಾಫ್ಟ್ ನಿಂತೇ ಇರುತ್ತದೆ, ಆದರೆ ಹಿಂದಿನ ಎರಡು ಚಕ್ರಗಳ ನಡುವಿನ ಗೇರು, ಅಂದರೆ ಡಿಫರೆನ್ಷಿಯಲ್ ಮೂಲಕ ಎತ್ತಿದ ಚಕ್ರ ಒಂದು ಕಡೆಗೆ, ನೆಲದ ಚಕ್ರ ಇನ್ನೊಂದು ಕಡೆಗೆ ತಿರುಗಬಹುದು. ಹ್ಯಾಂಡ್ ಬ್ರೇಕ್ ಬಿಗಿಯಾಗಿದ್ದರೂ ಗಾಡಿ ಉರುಳಿ ಜಾಕಿನಿಂದ ಜಾರುತ್ತದೆ. ಅದಕ್ಕೇ ಉಳಿದ ಚಕ್ರಗಳಿಗೆ ಮುಂದೆ, ಹಿಂದೆ ಎರಡೂ ಕಡೆ ಅಡ್ಡಗಲ್ಲು ಕೊಡಿ. ಎತ್ತಿದ ಮೇಲೆ ಚಾಸಿ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಡಿ. ಸಿಮೆಂಟ್ ಇಟ್ಟಿಗೆ, ಸೈಜುಗಲ್ಲು ಪೇರಿಸಿ ಕೆಳಗೆ ನುಗ್ಗಬೇಡಿ. ಅವು ಮುಂಚೆ ಸೂಚನೆ ಕೊಡದೆ ಸೀಳುತ್ತವೆ.

ಚಕ್ರ ಬಿಚ್ಚುವಾಗ ಇನ್ನೊಂದು. ಈ ಹಳೇ ಜೀಪುಗಳಲ್ಲಿ ಹಲವಕ್ಕೆ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್ಡಿನವು. ಬೋಲ್ಟಿನ ತುದಿ ಒರೆಸಿ ನೋಡಿ, ಇಂಗ್ಲಿಷಿನ ಎಲ್ ಅಕ್ಷರ ಕೊರೆದಿದ್ದರೆ ಬಿಚ್ಚುವುದು ಬಲಕ್ಕೆ. ಗೊತ್ತಿಲ್ಲದೆ ಎಡಕ್ಕೆ ತಿರುವಿ ಬೋಲ್ಟ್ ಮುರಿದುಕೊಂಡು ನನ್ನ ಶೆಡ್ಡಿಗೆ ಬಂದವರು ಬಹಳ ಜನ.

ಪ್ರಶ್ನೆ (ಅದೇ ಶಿಡ್ಲಘಟ್ಟದವರು):

ಅಣ್ಣಾ, ಜೀಪನ್ನು ಮಾವಿನ ಮರದ ಹತ್ತಿರದ ಶೆಡ್ಡಿಗೆ ಸಾಗಿಸಿದೆವು. ಎಡಗಡೆ ನಟ್ಟಿನ ತುದಿಯಲ್ಲಿ ಎಲ್ ಇದೆ! ರೇಡಿಯೇಟರ್ ಕೆಳಗಿನ ಪೈಪ್ ಬಿಚ್ಚಿದರೆ ಒಳಗೆ ಬಿಳಿ ಪುಡಿ, ಕೆಂಪು ಕೆಸರು. ಅಪ್ಪ ಯಾವಾಗಲೂ ಬೋರ್‌ವೆಲ್ ನೀರೇ ಹಾಕುತ್ತಿದ್ದರು.

ಉತ್ತರ:

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರೂ ಜಿಲ್ಲೆಯ ಹಳೇ ಗಾಡಿಗಳ ಕಾಯಿಲೆಯೇ ಇದು. ಬೋರು ಆಳಕ್ಕೆ ಹೋದಷ್ಟೂ ನೀರು ಗಡುಸು. ಮನೆಯಲ್ಲಿ ನೀರು ಕಾಯಿಸುವ ಹಂಡೆಯ ತಳ ನೋಡಿ, ಬಿಳಿ ಹಕ್ಕಳೆ ಕಟ್ಟಿರುತ್ತದೆ. ಎಂಜಿನ್ ಒಳಗೂ ಹಾಗೇ ಕಟ್ಟುತ್ತದೆ. ಆ ಹಕ್ಕಳೆ ಶಾಖವನ್ನು ನೀರಿಗೆ ಬಿಡಲ್ಲ. ಮೇಲೆ ಎಲ್ಲ ಸರಿ ಇದ್ದರೂ ನಂದಿ ಬೆಟ್ಟ ಅರ್ಧ ಹತ್ತುವಷ್ಟರಲ್ಲಿ ಕುದಿಯುತ್ತದೆ.

ರೇಡಿಯೇಟರ್ ತಾಮ್ರ ಹಿತ್ತಾಳೆಯದು, ಅದನ್ನು ರೇಡಿಯೇಟರ್ ಅಂಗಡಿಗೇ ಕೊಡಿ. ಮೇಲಿನ ಟ್ಯಾಂಕ್ ಬಿಚ್ಚಿ ಒಂದೊಂದೇ ಕೊಳವೆಗೆ ಪಟ್ಟಿ ಹಾಕಿ ಕೆದಕಿ ಕೊಡುತ್ತಾರೆ. ಹೊಸ ಅಲ್ಯೂಮಿನಿಯಂದು ಹಾಕಿ ಅಂದರೆ ಒಪ್ಪಬೇಡಿ, ಹಳೆಯದು ರಿಪೇರಿ ಆಗುವಂಥದ್ದು. ಎಂಜಿನ್ ಬ್ಲಾಕಿನ ಕೆಲಸ ನೀವೇ ಮಾಡಬಹುದು. ಬ್ಲಾಕಿನ ಪಕ್ಕದಲ್ಲಿ ನೀರು ಬಿಡುವ ಸಣ್ಣ ಕೊಳಾಯಿ ಇದೆ. ಅದನ್ನು ಬಿಚ್ಚಿದರೂ ನಿಮ್ಮ ಗಾಡಿಯಲ್ಲಿ ನೀರು ಬರಲಿಕ್ಕಿಲ್ಲ, ಕೆಸರು ಗಟ್ಟಿಯಾಗಿರುತ್ತದೆ. ಗಟ್ಟಿ ತಂತಿ ಹಾಕಿ ಕೆದಕಿ. ಮೊದಲು ತೊಟ್ಟಿಕ್ಕುತ್ತದೆ, ಆಮೇಲೆ ಟೊಮ್ಯಾಟೊ ಸಾರಿನ ಬಣ್ಣದ ನೀರು ಸುರಿಯುತ್ತದೆ. ನೀರು ತಿಳಿಯಾಗುವವರೆಗೆ ಪೈಪಿನಲ್ಲಿ ತೊಳೆಯಿರಿ. ಎಂಜಿನ್ ಓಡುವ ಸ್ಥಿತಿಗೆ ಬಂದ ಮೇಲೆ ನಿಂಬೆ ಉಪ್ಪು ಕರಗಿಸಿದ ನೀರು ತುಂಬಿ, ಬಿಸಿ ಮಾಡಿ, ತೆಗೆದು, ಎರಡು ಮೂರು ಸಲ ಬರೀ ನೀರಲ್ಲಿ ತೊಳೆಯಿರಿ. ಆಮೇಲೆ ಬೋರ್ ನೀರು ಮುಟ್ಟಿಸಬೇಡಿ. ಡಿಸ್ಟಿಲ್ಡ್ ವಾಟರ್, ಕೂಲೆಂಟ್ ಹಾಕಿ.

ಪ್ರಶ್ನೆ (ತಿಪಟೂರಿನಿಂದ):

ಇಷ್ಟು ಕಷ್ಟ ಯಾಕೆ ಸರ್? ಡೀಸೆಲ್ ಎಂಜಿನ್ ಕೂರಿಸಿದರೆ ಮೈಲೇಜೂ ಬರುತ್ತೆ, ಸ್ಪೇರ್ಸೂ ಸಿಗುತ್ತೆ ಅಲ್ವಾ?

ಉತ್ತರ:

ನಾನೇ ಒಂದು ಕಾಲದಲ್ಲಿ ಎಷ್ಟೋ ಜೀಪಿಗೆ ಡೀಸೆಲ್ ಕೂರಿಸಿದ್ದೇನೆ. ಆಗ ಅದು ಹೊಟ್ಟೆಪಾಡಿನ ಗಾಡಿ, ಸರಿಯಿತ್ತು. ಇವರದಕ್ಕೆ ಬೇಡ ಅನ್ನುತ್ತೇನೆ. ಸಿಜೆ3ಬಿ ಬಾನೆಟ್ ಅಷ್ಟು ಎತ್ತರ ಇರುವುದೇ ಆ ಎಂಜಿನ್ನಿಗಾಗಿ. ಹರಿಕೇನ್ ಅಂತ ಹೆಸರು, 2.2 ಲೀಟರ್, ನಾಲ್ಕು ಸಿಲಿಂಡರ್. ಗಾಳಿ ಎಳೆಯುವ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಅದು ಅಮೆರಿಕದ ವಿಲ್ಲೀಸ್ ಕಂಪನಿಯ ಹಳೇ ಜೀಪ್ ಎಂಜಿನ್ನಿಗಿಂತ ಎತ್ತರ ಆಗಿದ್ದಕ್ಕೆ 1953ರಲ್ಲಿ ಬಾನೆಟ್ ಎತ್ತರಿಸಿದರು. ಅಮೆರಿಕದಲ್ಲಿ 1968ಕ್ಕೇ ಈ ಮಾಡೆಲ್ ನಿಂತಿತು, ನಮ್ಮಲ್ಲಿ ಆಮೇಲೂ ತಯಾರಾಯಿತು. ಆ ಎಂಜಿನ್ ತೆಗೆದರೆ ಉಳಿಯುವುದು ಎತ್ತರದ ಬಾನೆಟ್ ಅಷ್ಟೆ.

ಕಾನೂನಿನ ಮಾತೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಕ್ಕೆ ಬೇರೆ ನಿಯಮ ತಂದಿತು. 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಮರು ನೋಂದಣಿಗೆ 5,000. ಆದರೆ ಅದನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ದಿನಾ ತೋಟಕ್ಕೆ ಹೋಗಬೇಕು ಅಂದರೆ ಮಾಮೂಲಿ ನೋಂದಣಿಯನ್ನೇ ಫಾರಂ 25ರಲ್ಲಿ ನವೀಕರಿಸಬೇಕು, ಐದೈದು ವರ್ಷಕ್ಕೆ.

ಶಿಡ್ಲಘಟ್ಟದವರಿಗೆ: ಗಾಡಿ ಅಪ್ಪನ ಹೆಸರಲ್ಲಿದ್ದರೆ ಮೊದಲು ಫಾರಂ 31ರಲ್ಲಿ ನಿಮ್ಮ ಹೆಸರಿಗೆ ಮಾಡಿಸಿ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ, ಹಾಗಾಗಿ ನಿಮ್ಮ ಹಳೇ ಕಡತ ಕೋಲಾರದ ಆರ್‌ಟಿಒ ಕಚೇರಿಯಲ್ಲಿರಬಹುದು. ಕಂಪ್ಯೂಟರಿಗೆ ಏರಿಲ್ಲದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ದಾಖಲೆ ಕಂಪ್ಯೂಟರಿಗೆ ಸೇರಿಸುವ ಕೆಲಸ ಮಾಡಿಸಬೇಕು. ಇದಕ್ಕೆ ಓಡಾಟ ಇದೆ, ಈಗಲೇ ಶುರು ಮಾಡಿ. ಮತ್ತೆ ಚಾಸಿ ನಂಬರ್ ಇರುವ ಜಾಗವನ್ನು ಗ್ರೈಂಡರ್‌ನಲ್ಲಿ ಮುಟ್ಟಲೇಬೇಡಿ. ಸೀಮೆಎಣ್ಣೆ, ಬಟ್ಟೆಯಲ್ಲಿ ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದಿಡಿ. ಆ ನಂಬರ್ ಅಳಿಸಿತೋ, ಗಾಡಿ ಎಷ್ಟು ಚೆನ್ನಾಗಿದ್ದರೂ ಕಾಗದದಲ್ಲಿ ಇಲ್ಲದ ಹಾಗೆ.

ಪ್ರಶ್ನೆ (ಕೆಜಿಎಫ್‌ನಿಂದ):

ಅಣ್ಣಾ, ನಮ್ಮ ಯಜಮಾನರದೂ ಇಂಥದೇ ಪೆಟ್ರೋಲ್ ಜೀಪಿದೆ. ನಾನೂ ಓಡಿಸುತ್ತೇನೆ. ಈಗಿನ ಎಥನಾಲ್ ಪೆಟ್ರೋಲ್ ಇದಕ್ಕೆ ಆಗುತ್ತಾ? ಬ್ರೇಕ್ ಬಗ್ಗೆಯೂ ಹೇಳಿ.

ಉತ್ತರ:

ಕೇಳಿದ್ದು ಒಳ್ಳೆಯದಾಯಿತಮ್ಮಾ. ಈಗ ಬಂಕಿನಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬರುತ್ತದೆ. ಹಳೇ ಕಾಲದ ರಬ್ಬರ್ ಪೈಪು, ಫ್ಯುಯೆಲ್ ಪಂಪಿನ ಡಯಾಫ್ರಮ್ ಅದಕ್ಕೆ ಮೆತ್ತಗಾಗಿ ಬಿರಿಯುತ್ತವೆ. ಎಥನಾಲ್ ತಡೆಯುವ ಪೈಪು, ಹೊಸ ಡಯಾಫ್ರಮ್ ಹಾಕಿಸಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡಬೇಡಿ. ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೇ, ವಾಸನೆ ಬಂದರೆ ಅವತ್ತೇ ನೋಡಿಸಿ. ತೂತಾಗಿದ್ದರೆ ಮನೆಯಲ್ಲಿ ವೆಲ್ಡಿಂಗ್ ಮಾಡಲು ಹೋಗಬೇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಆವಿ ಇರುತ್ತದೆ.

ಬ್ರೇಕ್ ನಾಲ್ಕೂ ಡ್ರಮ್ಮು. ಎಲ್ಲಕ್ಕೂ ಒಂದೇ ಲೈನ್. ಎಲ್ಲಾದರೂ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಅದಕ್ಕೆ ಕಬ್ಬಿಣದ ಪೈಪು, ರಬ್ಬರ್ ಹೋಸು, ವೀಲ್ ಸಿಲಿಂಡರ್ ಎಲ್ಲ ಹೊಸದೇ ಹಾಕಿಸಿ. ಇಲ್ಲಿ ದುಡ್ಡು ಉಳಿಸಬೇಡಿ. ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಹಳೇ ಭಾಗ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಹಳೇ ಲೈನರಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ನೀರು ಹಾಕಿ ಒದ್ದೆ ಬಟ್ಟೆಯಲ್ಲಿ ತೆಗೆಯಿರಿ.

ಶಿಡ್ಲಘಟ್ಟದಿಂದ:

ಅಣ್ಣಾ, ಇವತ್ತಿಗೆ ಹನ್ನೊಂದು ದಿನ. ಬೆಳಿಗ್ಗೆ ಹ್ಯಾಂಡಲ್ ಹಿಡಿದು ಒತ್ತಿದೆ, ಒಂದು ಬೆರಳು ಅಗಲ ಸರಿಯಿತು! ಅಮ್ಮನನ್ನು ಕೂಗಿ ಕರೆದೆ. ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಒಂದು ಸುತ್ತು ಬಂತು. ಬ್ಯಾಟರಿ ತರಲಾ?

ಉತ್ತರ:

ಓದಿ ಮನಸ್ಸು ತುಂಬಿತು. ಬ್ಯಾಟರಿ ಮಾತ್ರ ಈಗಲೇ ತರಬೇಡಿ. ಹಳೇ ಆಯಿಲ್ ಪೂರ್ತಿ ಇಳಿಸಿ, ಎಂಜಿನ್ ಕೆಳಗಿನ ಆಯಿಲ್ ತಟ್ಟೆ, ಅಂದರೆ ಸಂಪ್ ಬಿಚ್ಚಿ ತಳದ ಮಡ್ಡಿ ಕೈಯಲ್ಲಿ ಬಳಿದು ತೆಗೆಯಿರಿ. ಮೇಲಿನಿಂದ ಬಿಟ್ಟ ಡೀಸೆಲ್ಲೂ ಅಲ್ಲೇ ಸೇರಿದೆ. ಸಂಪ್ ಕೂರಿಸಿ ಹೊಸ ಆಯಿಲ್ ಹಾಕಿ. ಆಮೇಲೆ ಬ್ಲಾಕಿನ ಪಕ್ಕದ ಟ್ಯಾಪೆಟ್ ಕವರ್ ಬಿಚ್ಚಿ. ಪ್ಲಗ್ ಹಾಕದೆ ಒಬ್ಬರು ಹ್ಯಾಂಡಲ್ ನಿಧಾನವಾಗಿ ತಿರುಗಿಸಲಿ, ನೀವು ಟಾರ್ಚ್ ಬಿಟ್ಟು ನೋಡಿ. ಕೆಳಗಿನ ನಾಲ್ಕೂ ವಾಲ್ವ್ ಏರಬೇಕು, ಹಾಗೇ ಇಳಿಯಬೇಕು. ಯಾವುದಾದರೂ ಏರಿ ಅಲ್ಲೇ ನಿಂತರೆ ಅದರ ಕಾಂಡಕ್ಕೆ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ, ಹೊಡೆಯಬೇಡಿ. ನಾಲ್ಕರ ಫೋಟೋನೂ ಇಲ್ಲಿ ಹಾಕಿ, ನೋಡಿ ಮುಂದಿನದು ಹೇಳುತ್ತೇನೆ.