ಲ್ಯಾಪ್‌ಟಾಪಿನ ಡಿವಿಡಿ ಡ್ರೈವ್ ಕೈಕೊಟ್ಟಿದೆ, ಯಾರಿಗಾದರೂ ಅನುಭವ ಉಂಟಾ?

ಕೇಳಿದವರು, ಉಡುಪಿ

ಮನೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಉಂಟು. ಮೊದಲು ವಿಂಡೋಸ್ 7 ಇತ್ತು, ಆಮೇಲೆ 10 ಹಾಕಿಸಿದ್ದು. ಈಗ ಅದರಲ್ಲಿ ಡಿವಿಡಿ ಹಾಕಿದರೆ ಗುಂಯ್ ಅಂತ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಕೊನೆಗೆ ಡಿಸ್ಕ್ ಹಾಕಿ ಅನ್ನುತ್ತದೆ. ವಿಚಿತ್ರ ಅಂದ್ರೆ ಭಜನೆಯ ಸಿಡಿ ಹಾಕಿದರೆ ಚೆನ್ನಾಗಿ ಓಡುತ್ತದೆ. ಅಜ್ಜನ ಷಷ್ಟಿಪೂರ್ತಿ, ಅಕ್ಕನ ಮದುವೆ, ಅಪ್ಪ ರೆಕಾರ್ಡ್ ಮಾಡಿಸಿದ ತಾಳಮದ್ದಳೆ, ಎಲ್ಲ ಡಿವಿಡಿಯಲ್ಲೇ ಇರುವುದು. ಅಂಗಡಿಯಲ್ಲಿ ಕೇಳಿದ್ರೆ "ಈಗ ಯಾರು ಡಿವಿಡಿ ನೋಡ್ತಾರೆ, ಬಿಡಿ" ಅಂದರು. ರಿಪೇರಿ ಆಗುತ್ತದಾ, ಅಲ್ಲ ಹೊಸ ಡ್ರೈವ್ ಹಾಕಿಸಬೇಕಾ?

ಮಣಿಪಾಲದಿಂದ

ಎಲ್ಲ ಡಿವಿಡಿಗೂ ಹೀಗೇ ಆಗುತ್ತದಾ, ಅಥವಾ ಕೆಲವಕ್ಕೆ ಮಾತ್ರವಾ? ಅದನ್ನು ಮೊದಲು ನೋಡಿ. ಅದೇ ಡಿಸ್ಕನ್ನು ಬೇರೆಯವರ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ. ಅಲ್ಲಿ ಓಡಿದರೆ ಡಿಸ್ಕಿನ ತಪ್ಪಲ್ಲ. ಇಷ್ಟು ಗೊತ್ತಾಗುವ ತನಕ ಯಾರಿಗೂ ದುಡ್ಡು ಕೊಡಬೇಡಿ.

ಮಂಗಳೂರಿನಿಂದ, ರಿಪೇರಿ ಕೆಲಸದಲ್ಲಿ ಇರುವವರು

ಸಿಡಿ ಓದುತ್ತದೆ, ಡಿವಿಡಿ ಓದುವುದಿಲ್ಲ ಅಂದಿರಲ್ವಾ, ಅರ್ಧ ಉತ್ತರ ಅಲ್ಲೇ ಉಂಟು. ಸಿಡಿ ಓದುವ ಲೇಸರ್ ಬೇರೆ, ಡಿವಿಡಿ ಓದುವ ಲೇಸರ್ ಬೇರೆ. ಬೆಳಕಿನ ಅಲೆಯ ಉದ್ದ ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650. ಡ್ರೈವ್ ಒಂದೇ ಆದರೂ ಒಳಗೆ ಎರಡೂ ಇರುತ್ತವೆ. ಹಾಗಾಗಿ ಒಂದು ಸೋತರೂ ಇನ್ನೊಂದು ಕೆಲಸ ಮಾಡುತ್ತದೆ. ಇಲ್ಲಿ ಡ್ರೈವರ್, ಕೇಬಲ್, ವಿಂಡೋಸ್ ಯಾವುದನ್ನೂ ಬೈದು ಪ್ರಯೋಜನ ಇಲ್ಲ.

ಹಾಗಂತ ಲೇಸರ್ ಹೋಯಿತು ಅಂತ ಈಗಲೇ ಹೇಳಬೇಡಿ. ಲೆನ್ಸ್ ಕೊಳೆಯಾದರೂ ಇದೇ ಥರ ಆಗುತ್ತದೆ. ಡಿಸ್ಕಿನಲ್ಲಿ ಡಾಟಾ ಸುತ್ತು ಸುತ್ತಾಗಿ ಇರುತ್ತದೆ. ಸಿಡಿಯಲ್ಲಿ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ 1.6 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಅಂತರ, ಡಿವಿಡಿಯಲ್ಲಿ ಬರೀ 0.74. ಗೆರೆ ಅಷ್ಟು ಹತ್ತಿರ ಇರುವಾಗ ಸ್ವಲ್ಪ ಮಬ್ಬಾದರೂ ಡಿವಿಡಿಯೇ ಮೊದಲು ನಿಲ್ಲುವುದು. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ವರ್ಷಗಟ್ಟಲೆ ತೆರೆಯದ ಡ್ರೈವಿನ ಕಥೆ ಕೇಳುವುದೇ ಬೇಡ. ಮಬ್ಬು ಹಿಡಿದ ಲೆನ್ಸ್ ನಮ್ಮಲ್ಲಿಗೆ ಬರುತ್ತಲೇ ಇರುತ್ತದೆ.

ಒರೆಸುವುದು ಹೀಗೆ. ಟ್ರೇ ಹೊರಗೆ ತೆಗೆದು ಲ್ಯಾಪ್‌ಟಾಪ್ ಆಫ್ ಮಾಡಿ. ಬ್ಯಾಟರಿ ಬಿಚ್ಚಲು ಬಂದರೆ ಬಿಚ್ಚಿಡಿ. ಲ್ಯಾಪ್‌ಟಾಪಿನ ಟ್ರೇಯಲ್ಲಿ ಒಂದು ಅನುಕೂಲ ಉಂಟು, ಲೆನ್ಸ್ ಟ್ರೇ ಜೊತೆಗೇ ಹೊರಗೆ ಬರುತ್ತದೆ. ನಡುವಿನ ಗುಬ್ಬಿಯ ಪಕ್ಕದ ಸೀಳಿನಲ್ಲಿ ನೋಡಿ, ಕಡಲೆಕಾಳಿನಷ್ಟು ದೊಡ್ಡದು, ಬೆಳಕಿಗೆ ಹಿಡಿದರೆ ನೀಲಿ ಹೊಳೆಯುತ್ತದೆ. ಅದು ಕೂದಲಿನಂಥ ತಂತಿಗಳ ಮೇಲೆ ತೂಗಾಡಿಕೊಂಡು ಇರುತ್ತದೆ, ಮುಟ್ಟಿದರೆ ಕೆಳಗೆ ಹೋಗಿ ಮೇಲೆ ಬರುತ್ತದೆ. ಒತ್ತಿದರೆ ಕೆಲಸ ಕೆಟ್ಟಿತು. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಬಿಟ್ಟು, ಜಾಸ್ತಿಯಾದದ್ದನ್ನು ಹಿಂಡಿ, ಕಡ್ಡಿಯ ಭಾರವಷ್ಟೇ ಬೀಳುವ ಹಾಗೆ ಮೆಲ್ಲ ತಿರುಗಿಸಿ. ಆಮೇಲೆ ಒಣ ಕಡ್ಡಿಯಿಂದ ಒಮ್ಮೆ. ಪೂರ್ತಿ ಆರಿದ ಮೇಲೆ ಆನ್ ಮಾಡಿ. ಸೆಂಟು, ಅತ್ತರು, ಕೊಬ್ಬರಿ ಎಣ್ಣೆ ಏನೂ ಬೇಡ ಮಾರಾಯ್ರೆ, ಹಾಕಿದವರೂ ಇದ್ದಾರೆ. ಬಾಯಿಂದ ಉಫ್ ಅಂತ ಊದಲೂ ಬೇಡಿ, ಎಂಜಲು ಹಾರುತ್ತದೆ.

ಇಷ್ಟಾದರೂ ಡಿವಿಡಿ ಓದದಿದ್ದರೆ ಲೇಸರ್ ಸೋತಿದೆ. ಅದನ್ನು ರಿಪೇರಿ ಮಾಡಿಸುವುದಕ್ಕಿಂತ ಡ್ರೈವ್ ಬದಲಾಯಿಸುವುದೇ ಸಲೀಸು.

ಮೂಲ್ಕಿಯಿಂದ

ಲೆನ್ಸ್ ಒರೆಸುವ ಬ್ರಶ್ ಇರುವ ಡಿಸ್ಕ್ ಸಿಗುತ್ತದಲ್ಲ, ಅದು ಹಾಕಿದರೆ ಸಾಲದಾ?

ಮಂಗಳೂರಿನಿಂದ, ರಿಪೇರಿ ಕೆಲಸದಲ್ಲಿ ಇರುವವರು

ಒಣ ಧೂಳಿಗೆ ಸಾಕು. ಅಂಟಿಕೊಂಡ ಮಬ್ಬು ಅದರಿಂದ ಹೋಗುವುದಿಲ್ಲ. ತಿರುಗುವ ಬ್ರಶ್ಶು ಅಷ್ಟು ಸೂಕ್ಷ್ಮದ ಲೆನ್ಸಿಗೆ ಬಡಿಯುವುದು ನನಗಂತೂ ಇಷ್ಟ ಇಲ್ಲ.

ಕುಂದಾಪುರದಿಂದ

ಪ್ರಶ್ನೆ ಕೇಳಿದವರ ತೊಂದರೆ ಇದಲ್ಲ, ಆದರೆ ಮುಂದೆ ಓದುವವರಿಗೆ ಬೇಕಾಗಬಹುದು. ನನ್ನದರಲ್ಲಿ ಡ್ರೈವೇ ಮಾಯ ಆಗಿತ್ತು. ಟ್ರೇ ತೆರೆಯುತ್ತದೆ, ಲೈಟ್ ಉರಿಯುತ್ತದೆ, ಕಂಪ್ಯೂಟರ್‌ನಲ್ಲಿ ಮಾತ್ರ ಐಕಾನ್ ಇಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ಕೋಡ್ 39. ಡಿಸ್ಕ್ ಬರೆಯುವ ಸಾಫ್ಟ್‌ವೇರ್ ಒಂದನ್ನು ತೆಗೆದು ಹಾಕಿದ ಮೇಲೆ ಶುರುವಾದದ್ದು. ಅಂಥ ಸಾಫ್ಟ್‌ವೇರ್‌ಗಳು ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಅಂತ ಎರಡು ಸಾಲು ಬಿಟ್ಟು ಹೋಗುತ್ತವೆ. ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಕ್ಲಾಸ್ ಒಳಗೆ 4ಡಿ36ಇ965 ಅಂತ ಶುರುವಾಗುವ ಕೀ ಉಂಟು. ಅದನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಆಮೇಲೆ ಅದರೊಳಗಿನ ಆ ಎರಡು ಸಾಲು ಮಾತ್ರ ಅಳಿಸಿ ರೀಸ್ಟಾರ್ಟ್ ಮಾಡಿ. ನನ್ನದು ಹಾಗೆ ಸರಿಯಾಯಿತು. ವಿಂಡೋಸ್‌ಗೂ ಮೊದಲು ಶುರುವಾಗುವ ಬಯೋಸ್‌ನಲ್ಲೇ ಡ್ರೈವ್ ಕಾಣದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಆಗ ಕನೆಕ್ಷನ್ ಸಡಿಲ ಇರಬಹುದು, ಅಥವಾ ಡ್ರೈವೇ ಹೋಗಿರಬಹುದು. ಸುಮಾರು ಮಾಡೆಲ್‌ಗಳಲ್ಲಿ ಕೆಳಗಡೆ ಒಂದೇ ಸ್ಕ್ರೂ ಇರುತ್ತದೆ. ಬಿಚ್ಚಿ, ಡ್ರೈವನ್ನು ಹೊರಗೆಳೆದು ಮತ್ತೆ ಸರಿಯಾಗಿ ಒತ್ತಿ ನೋಡಿ.

ಸುರತ್ಕಲ್‌ನಿಂದ

ದುಬೈಯಿಂದ ತಂದ ಲ್ಯಾಪ್‌ಟಾಪ್ ಆದ್ರೆ ಇನ್ನೊಂದು ಕಿರಿಕಿರಿ. ಸಿನಿಮಾ ಡಿವಿಡಿಗೆ ಯಾವ ದೇಶಗಳಲ್ಲಿ ಓಡಬೇಕು ಅಂತ ರೀಜನ್ ನಂಬರ್ ಇರುತ್ತದೆ. ಅಲ್ಲಿನದ್ದು ರೀಜನ್ 2, ನಮ್ಮದು 5. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್ ಹಾಕಿದರೆ ರೀಜನ್ ಸರಿಯಿಲ್ಲ ಅನ್ನುತ್ತದೆ. ಡ್ರೈವಿನ ರೀಜನ್ ಬದಲಾಯಿಸಬಹುದು, ಆದರೆ ಐದೇ ಸಲ, ಆಮೇಲೆ ಕೊನೆಯದ್ದೇ ಖಾಯಂ. ಮದುವೆ ಡಿಸ್ಕಿಗೆ ಈ ಕಾಟ ಇಲ್ಲ. ಮತ್ತೆ ವಿಂಡೋಸ್ 10ರಲ್ಲಿ ಡಿವಿಡಿ ಸಿನಿಮಾ ನೋಡುವ ವ್ಯವಸ್ಥೆ ಮೊದಲೇ ಇರುವುದಿಲ್ಲ, ವಿಎಲ್‌ಸಿ ಅಂತ ಉಚಿತ ಪ್ಲೇಯರ್ ಉಂಟು, ಅದನ್ನು ಹಾಕಿಕೊಳ್ಳಿ.

ಕೇಳಿದವರು, ಉಡುಪಿ

ಎಲ್ಲರಿಗೂ ಥ್ಯಾಂಕ್ಸ್. ಲೆನ್ಸ್ ಒರೆಸಿದೆ, ಹತ್ತಿಯಲ್ಲಿ ಕಂದು ಬಣ್ಣದ ಕೊಳೆ ಬಂತು! ಷಷ್ಟಿಪೂರ್ತಿಯ ಡಿಸ್ಕ್ ಈಗ ಓಡುತ್ತಿದೆ, ತಾಳಮದ್ದಳೆಯೂ ಓಡಿತು. ಅಕ್ಕನ ಮದುವೆಯದ್ದು ಮಾತ್ರ ಧಾರೆಯ ತನಕ ಬಂದು ನಿಂತುಬಿಡುತ್ತದೆ. ಅದರ ಮೇಲೆ ಸ್ಟುಡಿಯೋದವರು ಮದುಮಕ್ಕಳ ಫೋಟೋ ಇರುವ ಕಾಗದ ಅಂಟಿಸಿದ್ದಾರೆ. ಅದು ಅಲ್ಲಲ್ಲಿ ಉಬ್ಬಿದೆ. ಕಿತ್ತು ತೆಗೆಯಲಾ?

ಮಂಗಳೂರಿನಿಂದ, ರಿಪೇರಿ ಕೆಲಸದಲ್ಲಿ ಇರುವವರು

ಕೀಳಬೇಡಿ! ಎಳೆಯುವಾಗ ಡಿಸ್ಕ್ ಬಾಗುತ್ತದೆ. ಡಿವಿಡಿ ಅಂದ್ರೆ ಎರಡು ತೆಳು ಹಾಳೆ ಅಂಟಿಸಿದ್ದು, ಡಾಟಾ ಇರುವುದು ನಡುವೆ, ಅಂಟು ಬಿಟ್ಟರೆ ಮುಗಿಯಿತು. ಸಿಡಿಯಲ್ಲಿ ಇನ್ನೂ ಅಪಾಯ, ಅದರ ಹೊಳೆಯುವ ಪದರ ಲೇಬಲ್‌ನ ಕೆಳಗೇ ಇರುವುದರಿಂದ ಕಾಗದದ ಜೊತೆಗೇ ಎದ್ದು ಬರುತ್ತದೆ.

ಡಿಸ್ಕನ್ನು ಡ್ರೈವ್ ಒಳಗಿನಿಂದ ಹೊರ ಅಂಚಿಗೆ ಓದುತ್ತಾ ಹೋಗುತ್ತದೆ. ಕಾಗದ ಎಳೆದು ಡಿಸ್ಕ್ ಸೊಟ್ಟಗಾದರೆ ಅದರ ಪೆಟ್ಟು ಹೊರಗಡೆಗೇ ಜಾಸ್ತಿ. ಶುರುವಿನ ನಾಂದಿ, ದಿಬ್ಬಣ ಎಲ್ಲ ಬಂದು ಧಾರೆಗೆ ನಿಲ್ಲುವುದು ಅದಕ್ಕೇ ಇರಬೇಕು. ಹೊಳೆಯುವ ಬದಿಯಲ್ಲಿ ಬಿಳಿ ಚುಕ್ಕೆ, ಬೆರಳ ಗುರುತು ಇದ್ದರೆ ಮೆತ್ತನೆಯ ಒದ್ದೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಅಡ್ಡ ಬಿದ್ದ ಗೀರನ್ನು ಡ್ರೈವ್ ಹೇಗೋ ಸುಧಾರಿಸುತ್ತದೆ, ಸುತ್ತಿನ ಉದ್ದಕ್ಕೇ ಗೀರಾದರೆ ಕಷ್ಟ. ಕಾಗದದ ಬದಿ ಒದ್ದೆಯಾಗದ ಹಾಗೆ ನೋಡಿಕೊಳ್ಳಿ.

ಮಣಿಪಾಲದಿಂದ

ಆ ಡಿಸ್ಕನ್ನು ಪ್ಲೇ ಮಾಡಿ ಮಾಡಿ ನೋಡಬೇಡಿ, ಕಾಪಿ ಮಾಡಲು ನೋಡಿ. ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅಂತ ಉಚಿತ ಸಾಫ್ಟ್‌ವೇರ್ ಉಂಟು. ಅದು ಓದಲು ಬರುವ ಭಾಗವನ್ನೆಲ್ಲ ಮೊದಲು ತೆಗೆದಿಡುತ್ತದೆ, ಕಷ್ಟದ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿ ಏನು ಬಾಕಿ ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದುಕೊಂಡಿರುತ್ತದೆ. ಹಾಗಾಗಿ ನಿಮ್ಮ ಡ್ರೈವಿನಲ್ಲಿ ಬಾರದ ತುಂಡನ್ನು ಬೇರೆ ಡ್ರೈವಿನಲ್ಲಿ ಮುಂದುವರಿಸಬಹುದು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ಮಾಮೂಲಿ.

ಓಡುತ್ತಿರುವ ಡಿಸ್ಕ್‌ಗಳನ್ನೂ ಇವತ್ತೇ ಕಾಪಿ ಮಾಡಿ ಮಾರಾಯ್ರೆ, ಆ ಡ್ರೈವನ್ನು ನಂಬಿ ಕೂರಬೇಡಿ. ಒಳಗೆ ವಿಡಿಯೋ ಟಿಎಸ್ ಅಂತ ಫೋಲ್ಡರ್ ಇರುತ್ತದೆ, ಅದನ್ನು ಹಾಗೆಯೇ ಎತ್ತಿ ಹಾರ್ಡ್ ಡಿಸ್ಕಿಗೆ ಹಾಕಿದರಾಯಿತು. ಒಂದು ಡಿವಿಡಿಗೆ 4.7 ಜಿಬಿ ಲೆಕ್ಕ ಇಟ್ಟುಕೊಳ್ಳಿ.

ಕೇಳಿದವರು, ಉಡುಪಿ

ಇನ್ನೊಂದು ಡ್ರೈವ್ ಬೇಕಾದರೆ ಒಳಗೆ ಹಾಕುವಂಥದ್ದು ತೆಗೆಯಲಾ, ಹೊರಗಿನದ್ದಾ?

ಕುಂದಾಪುರದಿಂದ

ಹೊರಗಿನದ್ದೇ ತೆಗೆಯಿರಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವೇ ಬರುವುದು ಅಪರೂಪ, ನಾಳೆ ಅದಕ್ಕೂ ಸಿಕ್ಕಿಸಬಹುದು. ಒಂದು ಪೋರ್ಟನ್ನು ಹಲವು ಮಾಡುವ ಯುಎಸ್‌ಬಿ ಹಬ್‌ಗೆ ಹಾಕದೆ ನೇರ ಲ್ಯಾಪ್‌ಟಾಪಿಗೇ ಹಾಕಿ. ಹಳೇ ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್ ಮಾತ್ರ. ಕರೆಂಟ್ ಸಾಲದೆ ಡಿಸ್ಕ್ ತಿರುಗಿ ನಿಂತರೆ ಹೊಸ ಡ್ರೈವೂ ಹಾಳು ಅಂದುಕೊಳ್ಳುತ್ತೀರಿ. ಎರಡು ಪೋರ್ಟಿಗೆ ಸಿಕ್ಕಿಸುವ ವೈ ಕೇಬಲ್ ಇದ್ದರೆ ಆ ತೊಂದರೆ ಇಲ್ಲ. ಒಳಗಿನದ್ದೇ ಬೇಕು ಅಂದ್ರೆ ಹಳೆಯದರ ದಪ್ಪ ಅಳೆದುಕೊಂಡು ಹೋಗಿ, 9.5 ಮಿಲಿಮೀಟರ್ ಒಂದು, 12.7 ಇನ್ನೊಂದು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.