ಪದಚರ್ಚೆ: ‘ಸೀಕ್’ ಎಂದರೆ ಹುಡುಕುವುದೇ?

ಪ್ರಶ್ನೆ

ಮುಂಬಯಿಯಲ್ಲಿ ನಡೆದ ಯಕ್ಷಗಾನ ಆಟಗಳ ಹಳೆಯ ವಿಡಿಯೋಗಳನ್ನು ಕಂಪ್ಯೂಟರಿಗೆ ಇಳಿಸುವ ಸ್ವಯಂಸೇವಕರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ಸೀಕ್’ಗೆ (ವಿಡಿಯೋದಲ್ಲಿ ಬೇಕಾದ ಹೊತ್ತಿಗೆ ನೇರ ಹೋಗುವುದಕ್ಕೆ) ‘ಹುಡುಕು’, ‘ಕೀಫ್ರೇಮ್’ಗೆ ‘ಕೀಲಿ ಚೌಕಟ್ಟು’, ‘ಇಂಡೆಕ್ಸ್’ಗೆ ‘ಸೂಚ್ಯಂಕ’ ಎಂದಿದೆ. ‘ಕೀಲಿ ಚೌಕಟ್ಟಿನ ಹುಡುಕಾಟ ವಿಫಲ’ ಎಂಬ ಸಾಲು ಓದಿದವರಿಗೆ ಮುಂದೇನು ಮಾಡಬೇಕೆಂದೇ ತಿಳಿಯುತ್ತಿಲ್ಲ. ‘ಸೀಕ್’ಗೆ ‘ಜಿಗಿ’ ಆದೀತೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ

ಸರ್, ‘ಹುಡುಕು’ ಬೇಡವೇ ಬೇಡ. ಎಲ್ಲಿದೆಯೆಂದು ಗೊತ್ತಿಲ್ಲದ್ದನ್ನು ಹುಡುಕುತ್ತೇವೆ. ಇಲ್ಲಿ 1:23:47ಕ್ಕೆ ಹೋಗಬೇಕೆಂದು ನೋಡುವವರಿಗೂ ಗೊತ್ತು, ವಿಡಿಯೋ ತೋರಿಸುವ ಪ್ಲೇಯರಿಗೂ ಗೊತ್ತು. ‘ಜಿಗಿ’ಯಲ್ಲಿ ಬೇರೆ ತೊಡಕಿದೆ. ‘ವಿಡಿಯೋ ಜಿಗಿಯುತ್ತಿದೆ’ ಎಂದರೆ ತಾನಾಗಿಯೇ ತುಂಡು ತುಂಡಾಗಿ ಓಡುತ್ತಿದೆ ಎಂದೇ ಜನ ತಿಳಿಯುತ್ತಾರೆ. ಅದು ಬೇರೆಯೇ ದೋಷ.

ಕೈ ಮಾಡುವುದು ಒಂದು, ಪ್ಲೇಯರು ಮಾಡುವುದು ಇನ್ನೊಂದು. ಪಟ್ಟಿಯ ಮೇಲಿನ ಗುಂಡಿಯನ್ನು ಎಳೆಯುವುದಕ್ಕೆ ಕರಾವಳಿಯವರು ‘ಸ್ವಲ್ಪ ಮುಂದೆ ದೂಡಿ’ ಅನ್ನುತ್ತಾರೆ, ಧಾರವಾಡದ ಕಡೆಯವರು ‘ಮುಂದ ಸರಸ್ರಿ’ ಅನ್ನುತ್ತಾರೆ. ಕೈಪಿಡಿಗೆ ‘ಸರಿಸಿ’ ಸಾಕು. ಪ್ಲೇಯರಿನ ಕೆಲಸಕ್ಕೆ ‘ತಲುಪು’ ಬಳಸಿ. ಆಗ ದೋಷಗಳು ತಾವಾಗಿಯೇ ಬೇರೆಯಾಗುತ್ತವೆ: ತಲುಪುವುದೇ ಇಲ್ಲ, ಹಿಂದೆಯೇ ನಿಲ್ಲುತ್ತದೆ, ತಲುಪಿದರೂ ಚಿತ್ರ ಕಲಸಿದೆ, ಇನ್ನೆಲ್ಲಿಗೋ ತಲುಪುತ್ತದೆ. ಒಂದೊಂದಕ್ಕೂ ಕಾರಣ ಬೇರೆ, ಮದ್ದು ಬೇರೆ. ಎಲ್ಲವನ್ನೂ ‘ಹುಡುಕಾಟ ವಿಫಲ’ ಎಂಬ ಒಂದೇ ಸಾಲಿಗೆ ತುರುಕಿದ್ದರಿಂದಲೇ ಓದುವವರು ದಾರಿ ತಪ್ಪಿದ್ದಾರೆ.

‘ಕೀಲಿ ಚೌಕಟ್ಟು’ ಎಂದರೆ ಬೀಗವೂ ಬಾಗಿಲೂ ಕಣ್ಣಿಗೆ ಬರುತ್ತವೆ. ಫ್ರೇಮು ಫ್ರೇಮಾಗಿಯೇ ಇರಲಿ. ಎನ್‌ಕೋಡ್ ಆದ, ಎಂದರೆ ಜಾಗ ಉಳಿಸಲು ಕುಗ್ಗಿಸಿ ಬರೆದ, ವಿಡಿಯೋದಲ್ಲಿ ಸಾಮಾನ್ಯವಾಗಿ ಎಲ್ಲ ಫ್ರೇಮುಗಳೂ ಇಡೀ ಚಿತ್ರಗಳಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಇಡೀ ಚಿತ್ರವಿರುತ್ತದೆ, ಅದೇ ಕೀಫ್ರೇಮ್; ನಡುವಿನವು ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತವೆ. ಆ ಇಡೀ ಚಿತ್ರದಿಂದ ಹೊರಟರೆ ಮಾತ್ರ ಮುಂದಿನದು ಸರಿಯಾಗಿ ಮೂಡುತ್ತದೆ. ‘ತುಂಬು ಫ್ರೇಮು’ ಎನ್ನಬಹುದಿತ್ತು, ಆದರೆ ಕ್ಯಾಮೆರಾದವರ ‘ಫುಲ್ ಫ್ರೇಮ್’ ಜೊತೆ ಗೊಂದಲವಾಗುತ್ತದೆ. ‘ನೆಲೆಫ್ರೇಮು’ ನನಗೆ ಸರಿಯೆನಿಸುತ್ತದೆ: ಕಾಲೂರಲು ನೆಲೆ.

ಈ ಪದ ಕೈಯಲ್ಲಿದ್ದರೆ ಎರಡು ದೋಷಗಳು ಸುಲಭವಾಗಿ ಅರ್ಥವಾಗುತ್ತವೆ. ಹೀಗೆ ಕುಗ್ಗಿಸುವ ಎಕ್ಸ್264 ಎನ್‌ಕೋಡರು ನಾವೇನೂ ಹೇಳದಿದ್ದರೆ ಎರಡು ನೆಲೆಫ್ರೇಮುಗಳ ನಡುವೆ ಹೆಚ್ಚೆಂದರೆ 250 ಫ್ರೇಮುಗಳ ಅಂತರ ಬಿಡುತ್ತದೆ. ಸೆಕೆಂಡಿಗೆ 25 ಫ್ರೇಮಿನ ನಮ್ಮ ವಿಡಿಯೋದಲ್ಲಿ ಅದು 10 ಸೆಕೆಂಡು. ಸಿನಿಮಾದಲ್ಲಿ ದೃಶ್ಯ ಬದಲಾದಾಗಲೆಲ್ಲ ಎನ್‌ಕೋಡರು ಸಾಮಾನ್ಯವಾಗಿ ಹೊಸ ನೆಲೆ ಹಾಕುತ್ತದೆ, ಹಾಗಾಗಿ ತೊಂದರೆ ಅಷ್ಟು ಕಾಣುವುದಿಲ್ಲ. ಯಕ್ಷಗಾನದ ವಿಡಿಯೋದಲ್ಲಿ ಹಾಗಲ್ಲ. ಕ್ಯಾಮೆರಾ ಒಂದೇ ಕಡೆ ಸ್ಟ್ಯಾಂಡಿನ ಮೇಲೆ, ಹಿಂದೆ ಅದೇ ಪರದೆ. ದೃಶ್ಯ ‘ಕಟ್’ ಆಗುವುದೇ ಇಲ್ಲ, ಅಂತರ ಪೂರ್ತಿ 10 ಸೆಕೆಂಡಿಗೆ ಹಿಗ್ಗುತ್ತದೆ. ಹಿಂದಿನ ನೆಲೆಯಲ್ಲೇ ನಿಲ್ಲುವ ಪ್ಲೇಯರಾದರೆ 1:23:47 ಕೇಳಿದವರಿಗೆ 1:23:38 ಸಿಗುತ್ತದೆ. ನೆಲೆಯನ್ನು ಲೆಕ್ಕಿಸದೆ ನಡುವಿನಿಂದ ಹೊರಟರೆ ಕಂಪ್ಯೂಟರಿನ ಪರದೆಯೆಲ್ಲ ಬೂದು ಬಣ್ಣ. ವೇಷಧಾರಿ ಗಿರ್ಕಿ ಹೊಡೆದಾಗ ಕಿರೀಟದ ಅಂಚು, ಕೈ, ಸೀರೆಯ ನೆರಿಗೆ ಇಷ್ಟೇ ತೇಪೆ ತೇಪೆಯಾಗಿ ಮೂಡುತ್ತವೆ, ಭಾಗವತರು ಕೂತಲ್ಲಿ ಬರೀ ಬೂದು. ಮುಂದಿನ ನೆಲೆಫ್ರೇಮು ಬಂದೊಡನೆ ಎಲ್ಲ ಸರಿ. ಹೊಸದಾಗಿ ಎನ್‌ಕೋಡ್ ಮಾಡುವಾಗಲೇ ಹ್ಯಾಂಡ್‌ಬ್ರೇಕ್ ತಂತ್ರಾಂಶದ ಹೆಚ್ಚುವರಿ ಆಯ್ಕೆಗಳಲ್ಲಿ ‘ಕೀಇಂಟ್’ಗೆ (ನೆಲೆಗಳ ಗರಿಷ್ಠ ಅಂತರಕ್ಕೆ) 50 ಕೊಟ್ಟರೆ ಎರಡು ಸೆಕೆಂಡಿಗೊಂದು ನೆಲೆ ಸಿಗುತ್ತದೆ, ಫೈಲು ಕೊಂಚ ದಪ್ಪವಾದೀತು, ಆಗಲಿ. ಮಿನಿ ಡಿವಿ ಟೇಪಿನಿಂದ ನೇರ ಇಳಿಸಿದ ಫೈಲಿಗೆ ಈ ಚಿಂತೆಯಿಲ್ಲ, ಅದರಲ್ಲಿ ಪ್ರತಿ ಫ್ರೇಮೂ ಇಡೀ ಚಿತ್ರವೇ.

‘ಸೂಚ್ಯಂಕ’ವನ್ನು ಮುಂಬಯಿಯಲ್ಲಿ ಬಳಸಿದರೆ ಓದುಗರ ಮನಸ್ಸು ಶೇರುಪೇಟೆಗೇ ಹೋಗುತ್ತದೆ. ಮರಾಠಿಯಲ್ಲಿ ಅದಕ್ಕೆ ‘ನಿರ್ದೇಶಾಂಕ’ ಎನ್ನುತ್ತಾರೆಂದು ಅದನ್ನು ತರಲೂ ಆಗದು, ನಮ್ಮ ಗಣಿತದ ಪಾಠಗಳಲ್ಲಿ ಅದರ ಅರ್ಥವೇ ಬೇರೆ. ಯಾವ ಫ್ರೇಮು ಫೈಲಿನ ಯಾವ ಜಾಗದಲ್ಲಿದೆ ಎಂಬ ಪಟ್ಟಿ ತಾನೆ? ‘ಪರಿವಿಡಿ’ ಎನ್ನಿ. ತಲುಪುವುದೇ ಇಲ್ಲ, ಒಟ್ಟು ಅವಧಿಯನ್ನೂ ತೋರಿಸುವುದಿಲ್ಲ ಎಂದರೆ ಮೊದಲು ಪರಿವಿಡಿಯನ್ನೇ ಅನುಮಾನಿಸಬೇಕು. ಹಳೆಯ ಎವಿಐ ಬಗೆಯ ಫೈಲಿನಲ್ಲಿ ಅದನ್ನು ಬರೆಯುವುದು ಕೊನೆಗೆ. ರೆಕಾರ್ಡಿಂಗ್ ನಡುವೆ ಕರೆಂಟು ಹೋದರೆ ಬರೆದೇ ಇರುವುದಿಲ್ಲ. ವಿಎಲ್‌ಸಿ ಪ್ಲೇಯರು ಅದನ್ನು ತಾತ್ಕಾಲಿಕವಾಗಿ ಕಟ್ಟಿಕೊಡುತ್ತದೆ. ಶಾಶ್ವತವಾಗಿ ಬೇಕಾದರೆ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ‘ಕಾಪಿ’ ಎಂದು ಕೊಟ್ಟು ಎಂಕೆವಿ ಬಗೆಯ ಫೈಲಿಗೆ ಬರೆಯಬೇಕು. ಇದಕ್ಕೆ ಕರಡಿನಲ್ಲಿ ‘ಪರಿವರ್ತಿಸಿ’ ಎಂದಿದ್ದರೆ ದಯವಿಟ್ಟು ತೆಗೆಯಿರಿ, ಜನ ಮರುಎನ್‌ಕೋಡ್ ಮಾಡಿ ಗುಣಮಟ್ಟ ಕೆಡಿಸಿಕೊಳ್ಳುತ್ತಾರೆ. ‘ಪಾತ್ರೆ ಬದಲಿಸಿ’ ಎನ್ನಿ. ಫೈಲಿನ ಬಗೆಯೇ ಪಾತ್ರೆ, ಒಳಗಿನ ವಿಡಿಯೋ ಹಾಗೇ ಇರುತ್ತದೆ.

ಎಂಪಿ4ರ ಪರಿವಿಡಿಯೇ ಇಲ್ಲವಾದರೆ ಪಾತ್ರೆ ಬದಲಿಸಿ ಫಲವಿಲ್ಲ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಚೆನ್ನಾಗಿರುವ ಫೈಲೊಂದನ್ನು ಮಾದರಿಯಾಗಿ ಕೊಟ್ಟು ‘ಅನ್‌ಟ್ರಂಕ್’ ತಂತ್ರಾಂಶದಿಂದ ಪ್ರಯತ್ನಿಸಬಹುದು. ಪರಿವಿಡಿ ಕೊನೆಯಲ್ಲಿದ್ದು ವೆಬ್‌ನಲ್ಲಿ ಮಾತ್ರ ತೊಂದರೆಯಾದರೆ ‘ಫಾಸ್ಟ್‌ಸ್ಟಾರ್ಟ್’ ಆಯ್ಕೆಯಿಂದ ಅದು ಮುಂದಕ್ಕೆ ಬರುತ್ತದೆ.

ಇನ್ನೆಲ್ಲಿಗೋ ತಲುಪುವ ದೋಷ ಡಿವಿಡಿಯ ವಿಒಬಿ ಫೈಲುಗಳಲ್ಲಿ ಹೆಚ್ಚು. ಅವುಗಳಲ್ಲಿ ಹೊತ್ತಿನ ಗುರುತು (ಟೈಮ್‌ಸ್ಟ್ಯಾಂಪ್, ಫ್ರೇಮು ಯಾವ ಹೊತ್ತಿನದೆಂಬ ಬರಹ) ನಡುವೆ ಮತ್ತೆ ಸೊನ್ನೆಯಿಂದ ಶುರುವಾಗಬಹುದು. ಸುಮ್ಮನೆ ಒಂದಕ್ಕೊಂದು ಅಂಟಿಸಿದರೆ ಮೂರು ತಾಸಿನ ಪ್ರಸಂಗ ಹದಿನೆಂಟೇ ನಿಮಿಷವೆಂದು ತೋರಿಸುವುದೂ ಉಂಟು. ಬಿಡಿ ಫೈಲುಗಳನ್ನು ಮುಟ್ಟದೆ ಇಡೀ ಡಿಸ್ಕನ್ನು ಮೇಕ್‌ಎಂಕೆವಿ ತಂತ್ರಾಂಶಕ್ಕೆ ಕೊಡಿ. ‘ಟೈಮ್‌ಸ್ಟ್ಯಾಂಪ್’ಗೆ ‘ಸಮಯದ ಅಂಚೆಚೀಟಿ’ ಎಂದು ಬರೆದಿದ್ದರೆ ಅಲ್ಲೂ ‘ಹೊತ್ತಿನ ಗುರುತು’ ಹಾಕಿ.