ಮಾರಿದ ಮುಕ್ತ ತಂತ್ರಾಂಶದ ಸೋರ್ಸ್ ಕೋಡ್ ಕೊಡುವುದು ಕಡ್ಡಾಯವೇ?

ಪ್ರಶ್ನೆ, ಉಡುಪಿಯಿಂದ:
ನಮ್ಮ ಸಹಕಾರ ಸಂಘವು ಮಂಗಳೂರಿನ ಕಂಪನಿಯೊಂದರಿಂದ ಲೆಕ್ಕಪತ್ರದ ತಂತ್ರಾಂಶವನ್ನು ಖರೀದಿಸಿದೆ. ಮುಕ್ತ ತಂತ್ರಾಂಶಗಳಿಗೆ ಬಳಸುವ ಜಿಪಿಎಲ್ ಎಂಬ ಪರವಾನಗಿಯ ಎರಡನೆಯ ಆವೃತ್ತಿಯಡಿ ಇರುವ ತಂತ್ರಾಂಶ ಯೋಜನೆಯೊಂದನ್ನು ಮಾರ್ಪಡಿಸಿ ಅದನ್ನು ಸಿದ್ಧಪಡಿಸಿದ್ದಾರೆ. ಸೋರ್ಸ್ ಕೋಡ್ (ಪ್ರೋಗ್ರಾಮರುಗಳು ಬರೆದ ಮೂಲ ಪಠ್ಯ) ಕೇಳಿದರೆ, ನೀವು ಹಣ ಕೊಟ್ಟದ್ದು ಬಳಕೆಗೆ ಮಾತ್ರ ಎನ್ನುತ್ತಾರೆ. ಇದು ಸರಿಯೇ?

ಮಂಗಳೂರಿನ ಸದಸ್ಯರು:
ಖಂಡಿತ ಸರಿಯಲ್ಲ. ಜಿಪಿಎಲ್ ಮಾರಾಟಕ್ಕೆ ಅಡ್ಡಿಪಡಿಸುವುದಿಲ್ಲ, ಎಷ್ಟು ಬೆಲೆಯನ್ನಾದರೂ ಇಡಬಹುದು. ಆದರೆ 1991ರ ಈ ಆವೃತ್ತಿಯ ಮೂರನೆಯ ವಿಧಿಯಂತೆ, ಚಲಾಯಿಸಬಲ್ಲ ಪ್ರತಿಯನ್ನು ಮಾರಿದವರು ಸೋರ್ಸ್ ಕೋಡನ್ನೂ ಜೊತೆಗೇ ಕೊಡಬೇಕು; ಇಲ್ಲವೇ, ಕೇಳಿದ ಯಾರಿಗಾದರೂ ಪ್ರತಿ ಮಾಡಿ ಕಳಿಸುವ ಖರ್ಚನ್ನು ಮೀರದ ಶುಲ್ಕಕ್ಕೆ ಅದನ್ನು ಒದಗಿಸುತ್ತೇವೆಂದು ಕನಿಷ್ಠ 3 ವರ್ಷ ಊರ್ಜಿತವಾಗಿರುವ ಲಿಖಿತ ಭರವಸೆಯನ್ನು ನೀಡಬೇಕು. ಅವರು ಮಾಡಿದ ಬದಲಾವಣೆಗಳೂ, ಅದನ್ನು ಕಂಪೈಲ್ ಮಾಡಿ (ಚಲಾಯಿಸಬಲ್ಲ ರೂಪಕ್ಕೆ ತಂದು) ಸ್ಥಾಪಿಸುವ ಸ್ಕ್ರಿಪ್ಟುಗಳೂ ಅದರಲ್ಲಿ ಸೇರಿರಬೇಕು; ಮೂಲ ಯೋಜನೆಯ ಜಾಲತಾಣವನ್ನು ತೋರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಮಣಿಪಾಲದ ಸದಸ್ಯರು:
ತಂತ್ರಾಂಶವು ಕಂಪನಿಯ ಸರ್ವರಿನಲ್ಲಿದ್ದು ನೀವು ಬ್ರೌಸರಿನಲ್ಲಷ್ಟೇ ಬಳಸುತ್ತಿದ್ದರೆ, ಪ್ರತಿಯೇ ನಿಮ್ಮ ಕೈಸೇರದ ಕಾರಣ ಈ ಹಕ್ಕು ಹುಟ್ಟುವುದಿಲ್ಲ. ಅಂಥ ಬಳಕೆದಾರರಿಗೂ ಸೋರ್ಸ್ ಕೋಡ್ ಸಿಗಬೇಕೆನ್ನುವುದು ಎಜಿಪಿಎಲ್ ಎಂಬ ಬೇರೊಂದು ಪರವಾನಗಿಯ 2007ರ ಮೂರನೆಯ ಆವೃತ್ತಿ.

ಪ್ರಶ್ನೆ ಕೇಳಿದವರು:
ನಮ್ಮ ಕಚೇರಿಯ ಕಂಪ್ಯೂಟರಿನಲ್ಲೇ ಇದೆ. ಲಿಖಿತ ಭರವಸೆ ಯಾವುದೂ ಬಂದಿಲ್ಲ.

ಮಂಗಳೂರಿನ ಸದಸ್ಯರು:
ಹಾಗಾದರೆ ವಿಧಿಯನ್ನು ಉಲ್ಲೇಖಿಸಿ ಪತ್ರ ಬರೆಯಿರಿ. ಷರತ್ತು ಮುರಿದವರ ಪರವಾನಗಿ ನಾಲ್ಕನೆಯ ವಿಧಿಯಂತೆ ತಾನಾಗಿಯೇ ರದ್ದಾಗುತ್ತದೆ ಎಂಬುದನ್ನೂ ನೆನಪಿಸಿರಿ. ಆಗಲೂ ಒಪ್ಪದಿದ್ದರೆ ಮೂಲ ಯೋಜನೆಯ ಲೇಖಕರಿಗೆ ತಿಳಿಸಿರಿ. ಕೃತಿಸ್ವಾಮ್ಯ ಅವರದಾದ್ದರಿಂದ 1957ರ ಕೃತಿಸ್ವಾಮ್ಯ ಕಾಯಿದೆಯಡಿ ದಾವೆ ಹೂಡಬಲ್ಲವರು ಅವರು.